ಕೆಚ್ಚಲು ಉಳಿಯದ ಎಳೆ

ದೋಟಿಹಾಳ
ಜುಲೈ 14, 2025

ನೇತ್ರಕ್ಕನಿಗೆ ಯಂಕೇಶ ಬರೆಯುವುದು.

ಹೇಗಿದ್ದೀ ಎಂದು ಕೇಳುವುದಿಲ್ಲ. ಫೋನ್ ಮಾಡಿದರೆ ಬಯ್ದುಬಿಡುತ್ತೇನೆ, ಅದಕ್ಕೇ ಈ ಕಾಗದ. ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು, ನೀನು ಎಂ.ಎಸ್ಸಿ.

ಅವ್ವ ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ನಾನು ಅತ್ತಿಲ್ಲ. ಉಣ್ಣುತ್ತೇನೆ, ಮಲಗುತ್ತೇನೆ, ಏಳುತ್ತೇನೆ. ಮೊನ್ನೆ ಮೊಳೆ ಕಾಲಿಗೆ ಹೊಕ್ಕಿತು. ಯಾರದೋ ಕಾಲು ಅನಿಸಿತು.

ಅವ್ವನ ದಿವಸ ಮಾಡಿದ ಮಾರನೇ ದಿನ ಗೋಣೆಪ್ಪ ಕಾಕಾ ಕೇಳಿದ್ದು ನೆನಪಿದೆಯಾ? "ಧಾರವಾಡದಾಗ ಅದೇನು ಓದ್ತೀಯವ್ವಾ?" ಜಗತ್ತೆಲ್ಲ ಕಣ್ಣಿಗೆ ಕಾಣದ ಎಳೆಗಳು ನಡುಗುವುದರಿಂದ ಆಗಿರಬಹುದು ಎಂದೆ ನೀನು. ಜಗತ್ತು ಶುರುವಾಯಿತು ಅನ್ನುವ ಹೊತ್ತು ನಿಜವಾದ ಶುರುವೇ ಅಲ್ಲದಿರಬಹುದು. ಅದಕ್ಕೂ ಮೊದಲು ಮಗ್ಗದ ಉದ್ದೆಳೆಗಳ ಹಾಸಿನಂಥ ಎರಡು ದೊಡ್ಡ ಪದರಗಳು ಒಂದಕ್ಕೊಂದು ಬಡಿದು ಇದೆಲ್ಲ ಹುಟ್ಟಿರಬಹುದು ಎಂದೆ. ಯಾರೂ ನೋಡಿಲ್ಲ, ಬರೀ ಲೆಕ್ಕದಲ್ಲಿ ಹಾಗೆ ಬರುತ್ತದೆ ಎಂದೂ ಹೇಳಿದೆ.

"ನಮ್ಮ ಮನ್ಯಾಗ ಎರಡು ಹಾಸು ಬಡದ್ರ ಗಂಟು ಬೀಳತಾವು. ಜಗತ್ತು ಗಿಗತ್ತು ಹುಟ್ಟಂಗಿಲ್ಲ ಬಿಡು" ಅಂದ ಕಾಕಾ. ಎಲ್ಲರೂ ನಕ್ಕರು. ಸತ್ತ ಮನೆಯಲ್ಲಿ ಮೊದಲ ನಗು ಅದು. ನನಗೆ ಮೈಯೆಲ್ಲ ಉರಿಯಿತು.

ಯಾಕೆ ಗೊತ್ತಾ? ಶುರು ಅನ್ನುವುದು ಶುರುವೇ ಅಲ್ಲ ಅಂದೆಯಲ್ಲ, ಆ ಮಾತು ಅವ್ವನದು. ನಿನ್ನನ್ನು ಮಗ್ಗದ ಹತ್ತಿರ ಬಿಡಲಿಲ್ಲ, "ನೀ ಓದವ್ವಾ" ಅಂದಳು. ನನ್ನ ಬೆರಳು ಸಣ್ಣ, ಕೆಚ್ಚಲಿಕ್ಕೆ ಬೇಕಾಗಿದ್ದವು. ಹಳೆ ಹಾಸು ಮುಗಿಯುವಾಗ ಬಾಚಣಿಕೆಯಂಥ ಆ ಫಣಿಯಲ್ಲಿ ಗೇಣುದ್ದ ಎಳೆ ಹಾಗೇ ಬಿಡಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆಯಬೇಕು. ಅದೇ ಕೆಚ್ಚುವುದು. ನಾಲ್ಕು ಸಾವಿರ ಎಳೆ. ಈ ಹಾಸು ಯಾವಾಗ ಶುರುವಾಯಿತು ಅಂತ ಒಮ್ಮೆ ಕೇಳಿದೆ. "ಯಾಂವಗ ಗೊತ್ತಲೇ? ನಮ್ಮತ್ತಿ ಬಿಟ್ಟಿದ್ದಕ್ಕ ನಾ ಕೆಚ್ಚೀನಿ. ಆಕಿ ತಮ್ಮತ್ತಿ ಬಿಟ್ಟಿದ್ದಕ್ಕ" ಅಂದಳು. ಶುರುವೇ ಇಲ್ಲ ಅಕ್ಕ. ಪುಸ್ತಕ ಓದದೆ ಹೇಳಿದಳು.

ಆ ಎಳೆಗೇ ನೀನು ಕತ್ತರಿ ಹಾಕಿದೆ. ಅವ್ವ ಅರ್ಧ ನೇಯ್ದ ಸೀರೆ ನೆನಪಿಗೆ ಬೇಕಿತ್ತು, ಸರಿ. ಫಣಿಯ ಮುಂದೆ, ನೇಯ್ದ ಬಟ್ಟೆಯ ಕಡೆ, ಕತ್ತರಿಸಬೇಕಿತ್ತು. ನೀನು ಹಿಂದೆ ಕತ್ತರಿಸಿ ಪೂರ್ತಿ ಎಳೆದುಕೊಂಡೆ. ಫಣಿ ಬರಿದಾಯಿತು. ನಾನು ಹಾಲು ತರಲು ಹೋಗಿದ್ದೆ, ಇದ್ದಿದ್ದರೆ ನಿನ್ನ ಕೈ ಹಿಡಿಯುತ್ತಿದ್ದೆ. ಜಗತ್ತಿಗೂ ಹಿಂದೆ ಏನಿತ್ತು ಅಂತ ಹುಡುಕುವವಳಿಗೆ ಮನೆಯ ಮಗ್ಗದ ಹಿಂದೆ ಮುಂದೆ ತಿಳಿಯಲಿಲ್ಲ!

"ಸತ್ತ ಮಗ್ಗ ಇಟ್ಕೊಂಡು ಏನ್ ಮಾಡ್ತಿ? ಕುಷ್ಟಗ್ಯಾಗ ಗ್ಯಾರೇಜು ಸೇರು" ಅನ್ನುತ್ತಾನೆ ಕಾಕಾ. ಗುರುವಾರ ಬಿಚ್ಚಿ ಒಯ್ಯಲು ಬರುತ್ತಾನೆ. ನಾನು ಹೂಂ ಅಂದೆ. ಸಿಟ್ಟೂ ಬರಲಿಲ್ಲ. ಇದ್ದ ಸಿಟ್ಟೆಲ್ಲ ನಿನಗೇ ಬರೆದಾಯಿತು.

ಇಷ್ಟೇ.

ನಿನ್ನ ತಮ್ಮ
ಯಂಕೇಶ

ತಾ.ಕ.: ಹಾಲು ತರಲು ಹೋಗಿರಲಿಲ್ಲ. ಖಾಲಿ ಗಿಂಡಿ ಹಿಡಿದು ನಿನ್ನ ಬೆನ್ನ ಹಿಂದೆ ಬಾಗಿಲಲ್ಲೇ ನಿಂತಿದ್ದೆ. ಕತ್ತರಿ ಫಣಿಯ ಹಿಂದೆ ಹೋಗಿದ್ದು ಕಂಡಿತು. ಇನ್ನು ಜನ್ಮದಲ್ಲಿ ಕೆಚ್ಚುವುದು ತಪ್ಪಿತು ಅಂದುಕೊಂಡು ಸುಮ್ಮನಿದ್ದೆ. ಆ ಸೀರೆಯ ಅಂಚಿಗೆ ಗೇಣುದ್ದ ಎಳೆ ಜೋತಾಡುತ್ತಿವೆ, ಅವನ್ನು ಕತ್ತರಿಸಬೇಡ. ಮತ್ತೆ ಫಣಿಗೆ ಪೋಣಿಸಬಹುದು. ಗುರುವಾರದೊಳಗೆ ತಗೊಂಡು ಬಾ. ಬೂದಿ ಸೋಸಿ ಇಟ್ಟಿದ್ದೇನೆ.