ಗ್ರಹದ ತಳದ ಲೇಯರ್

ಮಾರ್ಚ್ 4, ಬೆಳಿಗ್ಗೆ

ಮತ್ತೆ ನಕ್ಷತ್ರ. ಕಂಪ್ಯೂಟರಿನಲ್ಲಿ ಕಪ್ಪು ಲೇಯರ್ ಮೇಲೆ ನಾಯ್ಸ್ ಅನ್ನೋ ಬಿಳಿ ಚುಕ್ಕಿ ಹಾಕು, ಬ್ಲರ್ ಮಾಡಿ ಮಸುಕಾಗಿಸು, ಮುಕ್ಕಾಲು ಪಾಲು ಅಳಿಸು. ಇಲ್ಲದಿದ್ದರೆ ಉಪ್ಪು ಚೆಲ್ಲಿದ ಹಾಗೆ ಕಾಣುತ್ತದೆ. ಮಕ್ಕಳ ವಿಜ್ಞಾನ ಕೇಂದ್ರದ ಗೋಡೆಗೆ ಹಾಕುವ ಚಿತ್ರ. ಆಕಾಶ ನನ್ನದು, ಗ್ರಹ ಇವರದು. ಮದುವೆಯಾದಾಗಿನಿಂದ ಇದೇ ಪಾಲು.

ಇವರ ಗ್ರಹ ಏಳುತ್ತಲೇ ಇಲ್ಲ. ತುಕ್ಕು ಹಿಡಿದ ಗೇಟು, ಪಾಚಿಗೋಡೆ, ಎಲ್ಲದರ ಫೋಟೊ ಹೊಡೆದು ಗ್ರಹದ ಉಂಡೆಗೆ ಸುತ್ತಿದ್ದಾಯಿತು. ಕೇಂದ್ರದ ಮೇಡಂ ಯಾವುದನ್ನೂ ಒಪ್ಪಲಿಲ್ಲ. ಮನೆಯಲ್ಲಿ ಸಿಡಿಮಿಡಿ... ಕುಡಿದ ಲೋಟವನ್ನೂ ಎತ್ತಿಡುವುದಿಲ್ಲ.

ಮಾರ್ಚ್ 9

ಗ್ರಹ ಓಕೆ. ಮೇಡಂ ಫೋನಿನಲ್ಲೇ ಕುಣಿದಾಡಿದರು. “ಆ ಕೆಂಪು ಖಂಡಗಳು, ಅಂಚಲ್ಲಿ ಹಿಮ... ನಡುವೆ ನೆಟ್ಟಗೆ ಒಂದು ಕಾಲುವೆ ಬೇರೆ. ಹೇಗ್ರೀ ಹೊಳೀತು?” ಇವರು ನಕ್ಕು ಮಾತನ್ನು ಬಿಲ್ಲಿನ ಕಡೆ ತಿರುಗಿಸಿದರು.

ಮಾರ್ಚ್ 10, ಮಧ್ಯಾಹ್ನ

ಛೀ.

ಗ್ರಹದ ಹಿಂದೆ ನಕ್ಷತ್ರ ಕೂರಿಸೋಣ ಅಂತ ಇವರ ಫೈಲು ತೆರೆದೆ. ಮೇಲಿನ ಹೊಳಪಿನ ಲೇಯರ್ ಆಫ್ ಮಾಡಿದೆ. ನೆರಳು, ಮೋಡ — ಆಫ್. ತಳದ ಲೇಯರಿನಲ್ಲಿ ನನ್ನ ಬೆನ್ನು. ಸೋರಿಯಾಸಿಸ್‌ನ ಕೆಂಪು ಕಲೆ, ಬಿಳಿ ಹೊಟ್ಟು. ಕಾಲುವೆ ಅಂದರೆ ಬ್ರಾ ಪಟ್ಟಿ ಒತ್ತಿದ ಗುರುತು. ಡಾಕ್ಟರಮ್ಮನಿಗೆ ಕಳಿಸೋಕೆ ಅಂತ ಹೋದ ತಿಂಗಳು ಇವರೇ ಫೋನಿನಲ್ಲಿ ತೆಗೆದ ಫೋಟೊ.

ಅಂಟುವ ಕಾಯಿಲೆ ಅಲ್ಲ ಎಂದು ಡಾಕ್ಟರಮ್ಮ ಬಡಕೊಂಡರೂ ಇವರು ನನ್ನ ಟವೆಲ್ ಬೇರೆ ಮಾಡಿದರು, ಹೊದಿಕೆ ಬೇರೆ ಮಾಡಿದರು. ಅಂಥವರು ಇಷ್ಟು ದಿನ ಅದೇ ಬೆನ್ನನ್ನು ಮೌಸಿನಲ್ಲಿ ಸವರುತ್ತ ಕೂತಿದ್ದರು.

ಸಂಜೆ

ಕೇಳಿದೆ.

“ಯಾರಿಗೆ ಗೊತ್ತಾಗುತ್ತೆ ಬಿಡೇ. ಮುಖ ಕಾಣುತ್ತಾ ಅದರಲ್ಲಿ? ಎಷ್ಟು ಚೆನ್ನಾಗಿ ಬಂದಿದೆ ನೋಡು.”

“ಅದು ನನ್ನ ಮೈ ಕಣ್ರೀ. ತೆಗೆದುಹಾಕಿ.”

“ಮೇಡಂ ಒಪ್ಪಿ ಆದಮೇಲೆ ರಗಳೆ ತೆಗೀಬೇಡ.” ಟಿವಿ ಹಾಕಿಕೊಂಡರು. ಇಂಥ ಮನುಷ್ಯನಿಗೆ ಊಟ ಬಡಿಸಿದೆನಲ್ಲ, ನನ್ನ ಮೇಲೂ ಹೇಸಿಗೆ.

ಮಾರ್ಚ್ 11

ಒಂದೂ ನಕ್ಷತ್ರ ಹಾಕಲಿಲ್ಲ.

ಮಾರ್ಚ್ 29, ಬೆಳಿಗ್ಗೆ

ಗೋಡೆಯಷ್ಟು ದೊಡ್ಡದು ಮಾಡಿದರೆ ಫೋನಿನ ಫೋಟೊ ಚೌಕ ಚೌಕವಾಗಿ ಒಡೆಯುತ್ತದಂತೆ. ಪ್ರಿಂಟಿಂಗಿನವನು ಹೇಳಿದನಂತೆ. ಯಾರದೋ ದೊಡ್ಡ ಕ್ಯಾಮರಾ ತಂದು ಇವರು ರೂಮಿನ ಬಾಗಿಲಲ್ಲಿ ನಿಂತರು. ನಾನು ಕನ್ನಡಿಗೆ ಬೆನ್ನು ಮಾಡಿ ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ಹೊಸ ಮುಲಾಮು ಹಿಡಿದಿದೆ, ಚರ್ಮ ತಿಳಿಯಾಗುತ್ತಿದೆ.

ಹತ್ತಿರ ಬಂದು ಬಗ್ಗಿ ನೋಡಿದರು. ಮುಖ ಸಪ್ಪಗಾಯಿತು.

“ಅಯ್ಯೋ, ಎಲ್ಲಾ ವಾಸಿಯಾಗ್ತಾ ಇದೆಯಲ್ಲೇ.” ಆಮೇಲೆ, ಮೆಲ್ಲಗೆ, ಎಷ್ಟೋ ದಿನದಿಂದ ಕೇಳದ ದನಿಯಲ್ಲಿ, “ಎರಡು ವಾರ ಮುಲಾಮು ನಿಲ್ಲಿಸ್ತೀಯಾ, ಚಿನ್ನ? ಮತ್ತೆ ಬರುತ್ತಲ್ವಾ ಅದು?”

ಆಯ್ತು ಅಂದೆ. ಗೆದ್ದವರ ಹಾಗೆ ಸ್ನಾನಕ್ಕೆ ಹೋದರು.

ಇವರ ಫೈಲು ತೆರೆದು ತಳದ ಲೇಯರ್ ಅಳಿಸಿ ಸೇವ್ ಮಾಡಿದೆ. ಉಳಿದದ್ದು ನೆರಳು, ಮೋಡ. ಇವರ ಫೋನು ಮಂಚದ ಮೇಲಿದೆ. ನೀರಿನ ಸದ್ದು ನಿಂತಿತು... ಅದರಲ್ಲಿರುವ ಫೋಟೊನೂ ಈಗಲೇ