ಬೀಗ ಬಿದ್ದ ಬಾಗಿಲಿಗೆ ಇಪ್ಪತ್ತು ಉಪಯೋಗಗಳು

ನಮ್ಮ ಮಕ್ಕಳಿಗೆ ಒಟ್ಟಾಗಿ ಯೋಚಿಸುವುದನ್ನು ಕಲಿಸಲು ಹೊರಟ ಮಾನ್ಯ ಶಿಕ್ಷಣಾಧಿಕಾರಿಗಳೇ,

ಮಕ್ಕಳು ಯೋಚಿಸಿ ಮುಗಿಸಿದ್ದಾರೆ. ಈಗ ಕೀಲಿಕೈ ಕೊಡಿ.

ಇರಕಲ್ಲಗಡದ ಆಚೆಗಿನ ನಮ್ಮೂರ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆಂದು ಕಟ್ಟಿದ ಶೌಚಾಲಯಕ್ಕೆ ಬೀಗ ಬಿದ್ದು ಹನ್ನೊಂದು ತಿಂಗಳಾಯಿತು. ನಲ್ಲಿ ಇದೆ, ನೀರಿದೆ, ಗೋಡೆಯ ಮೇಲೆ ಚಿಟ್ಟೆಯ ಚಿತ್ರವೂ ಇದೆ. ಇಲ್ಲದ್ದು ಉದ್ಘಾಟನೆ. ರಿಬ್ಬನ್ ಕತ್ತರಿಸುವ ಕೈಗೆ ಪುರುಸೊತ್ತಿಲ್ಲವಂತೆ. ಕೀಲಿಕೈ ನಿಮ್ಮ ಕಚೇರಿಯ ಡ್ರಾಯರಿನಲ್ಲಿ ಮಲಗಿದೆ. ಎಂಟನೆಯ ತರಗತಿಯ ರಂಜಿತಾ ಬೆಳಿಗ್ಗೆಯಿಂದ ನೀರು ಮುಟ್ಟುವುದಿಲ್ಲ. ಊಟದ ಗಂಟೆ ಹೊಡೆದರೆ ಊರಾಚೆಯ ತನ್ನ ಮನೆಗೆ ಓಡುತ್ತಾಳೆ, ಮರಳಿ ಬರುವಷ್ಟರಲ್ಲಿ ಗಣಿತದ ಪಾಠ ಮುಗಿದಿರುತ್ತದೆ. ಹೀಗೆ ಓಡುವವರು ಹದಿನೇಳು ಹುಡುಗಿಯರು.

ಈ ಶಾಲೆಗೆ ಕಳೆದ ಬುಧವಾರ ನೀವು ಕಳಿಸಿದ್ದೇನು? ಗುಂಪು ಸೃಜನಶೀಲತೆಯ ತರಬೇತುದಾರರನ್ನು, ಜೊತೆಗೆ ಬಣ್ಣದ ಚೀಟಿಗಳ ಮೂರು ಕಟ್ಟನ್ನು. ಅವರು ಮಕ್ಕಳನ್ನು ದುಂಡಗೆ ಕೂರಿಸಿ, ಸುತ್ತಮುತ್ತ ಕೆಲಸಕ್ಕೆ ಬಾರದೆ ಬಿದ್ದಿರುವ ಒಂದನ್ನು ಆರಿಸಿ ಅದಕ್ಕೆ ಇಪ್ಪತ್ತು ಹೊಸ ಉಪಯೋಗ ಹುಡುಕಿ ಎಂದರು. ಯಾರ ವಿಚಾರವನ್ನೂ ತಳ್ಳಿಹಾಕುವಂತಿಲ್ಲ, ಅದು ನಿಯಮ. ಹಳೆಯ ಟೈರನ್ನೋ ಒಡಕು ಕೊಡವನ್ನೋ ಆರಿಸುತ್ತಾರೆಂದು ಅವರ ಎಣಿಕೆ. ರಂಜಿತಾಳ ಗುಂಪು ಶೌಚಾಲಯವನ್ನು ಆರಿಸಿತು.

ಶಾಲಾ ಸಮಿತಿಯ ಸದಸ್ಯನಾಗಿ ನಾನೂ ಅಲ್ಲೇ ಕೂತಿದ್ದೆ. ಗೋಡೆ ಕ್ರಿಕೆಟ್ಟಿನ ವಿಕೆಟ್ಟಾಗುತ್ತದೆ. ಮೆಟ್ಟಿಲ ಮೇಲೆ ಶೇಂಗಾ ಒಣಗಿಸಬಹುದು. ಮಾಳಿಗೆ ಹತ್ತಿದರೆ ಮೊಬೈಲಿಗೆ ಸಿಗ್ನಲ್ ಸಿಗುತ್ತದೆ. ಬಾಗಿಲ ಚಿಲಕಕ್ಕೆ ನಮ್ಮೂರ ಮೈಮುನಬಿಯ ಆಡು ಕಟ್ಟಬಹುದು. ಹೀಗೆ ಹತ್ತೊಂಬತ್ತು ಚೀಟಿ, ಪ್ರತಿಯೊಂದಕ್ಕೂ ಚಪ್ಪಾಳೆ. ಇಪ್ಪತ್ತನೆಯದು ರಂಜಿತಾಳದು: "ಕೀಲಿ ತಗದು ಒಳಗ ಹೋಗೂದು."

"ಇದು ನಡಿಯೂದಿಲ್ಲವ್ವಾ," ಎಂದರು ತರಬೇತುದಾರರು. "ಹೊಸಾ ಉಪಯೋಗ ಬೇಕು. ಇದು ಹಳೇದು."

"ಹಳೇದು ಹೆಂಗಾತ್ರಿ ಸರ? ಇನ್ನಾ ಒಬ್ಬರೂ ಹೋಗಿಲ್ಲಲ್ರಿ."

ಪಕ್ಕದಲ್ಲಿದ್ದ ಅವಳ ಗೆಳತಿ ಅಫ್ರೋಜ ಬಿಡಲಿಲ್ಲ: "ಆಡಿಗೆ ಚಪ್ಪಾಳಿ ಹೊಡಿಸಿದ್ರಿ, ನಮಗ್ಯಾಕಿಲ್ರಿ ಸರ?"

ಗುಂಪಿಗೆ ಬಂದದ್ದು ಹತ್ತೊಂಬತ್ತು ಅಂಕ. ಜೊತೆಗೆ ಒಂದು ಷರಾ: ಕಲ್ಪನಾಶಕ್ತಿ ಇನ್ನೂ ಬೆಳೆಯಬೇಕು. ಯಾರದು, ಮಾನ್ಯರೇ? ಒಂದು ಬಾಗಿಲು ತೆರೆಯದಿರಲು ಹನ್ನೊಂದು ತಿಂಗಳು ಹನ್ನೊಂದು ಕಾರಣ ಕೊಟ್ಟವರು ನೀವು. ಒಮ್ಮೆ ಪರೀಕ್ಷೆ, ಒಮ್ಮೆ ಚುನಾವಣೆ, ಒಮ್ಮೆ ಶೂನ್ಯಮಾಸ, ಒಮ್ಮೆ ಮುಖ್ಯ ಅತಿಥಿಗಳ ಮೊಣಕಾಲು ನೋವು. ಅಷ್ಟು ಸೃಜನಶೀಲತೆ ನಮ್ಮ ಮಕ್ಕಳಿಗೆ ಬಂದಿಲ್ಲ, ಒಪ್ಪುತ್ತೇನೆ.

ಸೋಮವಾರದೊಳಗೆ ಕೀಲಿಕೈ ಬರಬೇಕು. ರಿಬ್ಬನ್ ಬೇಡ. ಬಾರದಿದ್ದರೆ ಮಂಗಳವಾರ ಊರಿನ ತಾಯಂದಿರು ಶಾಲೆಯಂಗಳದಲ್ಲಿ ದುಂಡಗೆ ಕೂತು ನಿಮ್ಮ ಚಟುವಟಿಕೆಯನ್ನೇ ಮಾಡುತ್ತಾರೆ. ವಿಷಯ: ಬೀಗ ತೆಗೆಯಲು ಇಪ್ಪತ್ತು ದಾರಿ. ಇದನ್ನು ತಿಳಿಸಲು ಹೋದಾಗ, ಕ್ವಾರಿಯಲ್ಲಿ ಕಲ್ಲು ಒಡೆಯುವ ರಂಜಿತಾಳ ತಾಯಿ ಹಂಪವ್ವ ಸುತ್ತಿಗೆ ಕೆಳಗಿಡದೆಯೇ ಕೇಳಿದಳು: "ಇಪ್ಪತ್ಯಾಕ ಬೇಕಣ್ಣಾ? ಒಂದ ಸಾಲೂದಿಲ್ಲೇನು?"

ಯಾರ ವಿಚಾರವನ್ನೂ ತಳ್ಳಿಹಾಕುವಂತಿಲ್ಲ. ನಿಯಮ ನಿಮ್ಮದೇ.

ಇಂತಿ,
ಆಡಿಗೂ ಚಪ್ಪಾಳೆ ತಟ್ಟಿ, ಇಪ್ಪತ್ತನೆಯ ಚೀಟಿಗೆ ಬಾಯಿ ಮುಚ್ಚಿ ಕೂತಿದ್ದ
ಹೊನ್ನೂರಪ್ಪ