ಹನ್ನೊಂದು ಖಾಲಿ ಹಾಳೆಗಳು

ಮೇಲೋಣಿ, ಗಾಳಿಗುಡ್ಡ
ಕಂಬ ನೆಟ್ಟ ನೂರಾ ನಲವತ್ತನೆಯ ವರ್ಷ, ಎರಡನೆಯ ಆಷಾಢ, ಮೂವತ್ತೆರಡನೆಯ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿ ಅನಸೂಯಾ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಗಾಳಿ ಜೋರಾಗಿ ಬೀಸುವ ತಿಂಗಳನ್ನು ನಮ್ಮವರು ಎರಡು ಸಲ ಎಣಿಸುತ್ತಾರೆ, ಗಾಳಿ ಇಳಿಯುವವರೆಗೆ ಅದಕ್ಕೆ ದಿನಗಳನ್ನು ಸೇರಿಸುತ್ತಲೇ ಹೋಗುತ್ತಾರೆ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಿರಿ. ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಹಿರಿಯರಿಗೆ ಹೇಗೆ ಬರೆಯಬೇಕೆಂದು ಯಾರೂ ಹೇಳಿಕೊಡಲಿಲ್ಲ. ಗೋಡೆಯ ಮೇಲೆ ಬರೆದರೆ ಓಣಿಯವರೆಲ್ಲ ಓದುತ್ತಾರೆಂಬ ಸಂಕೋಚದಿಂದ ಕಾಗದದ ಮೇಲೆ ಬರೆಯುತ್ತಿದ್ದೇನೆ.

ನಿಮ್ಮ ನೋಟುಬುಕ್ಕು ನಮ್ಮ ಮನೆಯಲ್ಲಿದೆ. ಆರು ತಲೆಮಾರು ಕೈಯಿಂದ ಕೈಗೆ ದಾಟಿ, ಅಂಚು ಹರಿದು, ಈಗ ನನ್ನ ಸೀರೆಗಳ ನಡುವೆ ಇದೆ. ಎರಡು ವರ್ಷದ ನಿಮ್ಮ ಮಗ ಪ್ರಭು ಬಸ್ ನಿಲ್ದಾಣದಲ್ಲಿ ಬೋರ್ಡುಗಳನ್ನು ನೋಡಿ ಸ್ಲೇಟಿನ ಮೇಲೆ ಮುಂಡರಗಿ, ರೋಣ, ಲಕ್ಷ್ಮೇಶ್ವರ ಎಂದು ತಪ್ಪಿಲ್ಲದೆ ಬರೆದದ್ದನ್ನು ನೀವು ಅದರಲ್ಲಿ ಬರೆದಿದ್ದೀರಿ. ಜನ ಚಪ್ಪಾಳೆ ತಟ್ಟಿದ್ದನ್ನೂ ಬರೆದಿದ್ದೀರಿ. ಪ್ರತಿ ಪುಟದ ಕೆಳಗೆ, ಬೇರೆ ಶಾಯಿಯಲ್ಲಿ, ಒಂದೇ ಸಾಲು ಇದೆ: ಇವತ್ತೂ ಅವ್ವಾ ಅನ್ನಲಿಲ್ಲ. ಕೊನೆಯ ಪುಟದಲ್ಲಿ ಆ ಸಾಲಿನ ಮುಂದೆ ಇನ್ನೊಂದು ಸಾಲು ಇದೆ: ನಾಳೆ ಒಂದು ಕೆಲಸ ಮಾಡಿ ನೋಡತೀನಿ. ಅಲ್ಲಿಗೆ ಬರಹ ನಿಲ್ಲುತ್ತದೆ. ಆಮೇಲೆ ಹನ್ನೊಂದು ಹಾಳೆ ಖಾಲಿ. ಪ್ರಭು ಮುಂದೆ ಅದೇ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸಕ್ಕೆ ಸೇರಿದ, ಅವನ ದನಿ ಪ್ಯಾಟೆಯ ಆ ತುದಿಗೆ ಕೇಳುತ್ತಿತ್ತು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಅಂದರೆ ಆ ನಾಳೆ ನೀವು ಏನೋ ಮಾಡಿದಿರಿ. ಏನು ಮಾಡಿದಿರಿ ಎಂದು ಕೇಳುವುದಕ್ಕೇ ಈ ಪತ್ರ.

ನಾವಿರುವುದು ಗುಡ್ಡದ ಮೇಲೆ, ಗಾಳಿಕಂಬಗಳ ಕೆಳಗೆ. ಕಂಬಗಳ ರೆಕ್ಕೆ ತಿರುಗುವ ಸದ್ದು ಹಗಲು ರಾತ್ರಿ ನಿಲ್ಲುವುದಿಲ್ಲ. ಅದಕ್ಕೆ ಎಲ್ಲರೂ ಕಿವಿಗೆ ಮುಚ್ಚಿಗೆ ಹಾಕಿಕೊಳ್ಳುತ್ತೇವೆ. ಹತ್ತಿಯೂ ಮೇಣವೂ ಸೇರಿದ ಬಿರಡೆ ಅದು. ಮಾತಿಗೆ ಬದಲು ಪ್ರತಿ ಮನೆಯಲ್ಲಿ ಬರಹಗೋಡೆ ಇದೆ. ಬೆರಳಿನಿಂದ ಬರೆದರೆ ಅಕ್ಷರ ಬೆಳಗುತ್ತದೆ, ಅಂಗೈಯಿಂದ ಸವರಿದರೆ ಅಳಿಯುತ್ತದೆ. ಗೋಡೆಗಳೆಲ್ಲ ಒಂದಕ್ಕೊಂದು ಕೂಡಿವೆ, ಒಂದರ ಮೇಲೆ ಬರೆದದ್ದನ್ನು ಬೇರೆಯವರೂ ಓದಬಹುದು, ದೂರದ ಸುದ್ದಿಯೂ ಅದರ ಮೇಲೆಯೇ ಬರುತ್ತದೆ. ಉಪ್ಪು ಬೇಕು, ಹಾಲು ಉಕ್ಕಿತು, ನೀರು ಬಂತು, ಎಲ್ಲವೂ ಗೋಡೆಯ ಮೇಲೆ. ಮನೆಯೊಳಗೆ ಸದ್ದು ಅಷ್ಟಿಲ್ಲ, ಮುಚ್ಚಿಗೆ ತೆಗೆದು ಮಾತಾಡಬಹುದು. ಆದರೆ ರೂಢಿ ತಪ್ಪಿಹೋಗಿದೆ. ಇಲ್ಲಿನ ಕೂಸುಗಳು ಅಂಬೆಗಾಲಿನಲ್ಲೇ ಅಕ್ಷರ ಹಿಡಿಯುತ್ತವೆ. ಕೂಸು ಮೊದಲ ಪದವನ್ನು ಓದಿ ತೋರಿಸಿದ ದಿನ ಗೋದಿ ಹುಗ್ಗಿ ಮಾಡಿ ಹನ್ನೆರಡು ಮನೆಗೆ ಹಂಚುತ್ತೇವೆ. ಅದಕ್ಕೆ ಅಕ್ಷರದ ಹುಗ್ಗಿ ಎಂದು ಹೆಸರು. ಮೊದಲ ಮಾತಿಗೆ ಹುಗ್ಗಿ ಮಾಡುವ ಪದ್ಧತಿ ಇಲ್ಲ. ಅದು ಹಲ್ಲು ಬಂದ ಹಾಗೆ ತಾನಾಗಿ ಬರುತ್ತದೆ ಎಂದುಕೊಂಡಿದ್ದೇವೆ.

ನನ್ನ ಮಗಳು ಸಿರಿಗೌರಿಯ ಹುಗ್ಗಿ ಹದಿನಾಲ್ಕನೇ ತಿಂಗಳಿಗೇ ಆಯಿತು. ಗೋಡೆಯ ಮೇಲೆ ನೀರು ಎಂದು ಬರೆದೆ. ಅವಳು ತೆವಳಿಕೊಂಡು ಹೋಗಿ ಕೊಡವನ್ನು ಮುಟ್ಟಿದಳು. ಇಡೀ ಮೇಲೋಣಿಯಲ್ಲಿ ಅಷ್ಟು ಬೇಗ ಹುಗ್ಗಿ ಹಂಚಿದವರು ಬೇರೆ ಇಲ್ಲ. ಪಕ್ಕದ ಮನೆಯ ಕಾಶವ್ವ ಹುಗ್ಗಿಯ ಬಟ್ಟಲು ತೆಗೆದುಕೊಳ್ಳುತ್ತಾ, “ಹೊಟ್ಟ್ಯಾಗಿದ್ದಾಗನ ಗ್ವಾಡಿ ಓದಕೊಂತ ಬಂದಾಳ ಬಿಡು ನಿನ್ನ ಮಗಳು” ಎಂದು ಬಾಯಿಬಿಟ್ಟು ಹೇಳಿದಳು. ಆ ಹೊಟ್ಟೆಕಿಚ್ಚು ನನಗೆ ಹುಗ್ಗಿಗಿಂತ ಸಿಹಿಯಾಗಿತ್ತು.

ಮನೆಯಲ್ಲಿ ಗೋಡೆಗೆ ಬಗ್ಗದವರು ಒಬ್ಬರೇ ಇದ್ದರು, ನನ್ನ ಅತ್ತೆ ನೀಲಗಂಗವ್ವ. ಗುಡ್ಡದ ಕೆಳಗಿನ ಊರಿನಿಂದ ಬಂದವರು, ಅಕ್ಷರ ಕಲಿತವರಲ್ಲ, ಮುಚ್ಚಿಗೆಯನ್ನು ಎರಡು ದಿನವೂ ಹಾಕಿಕೊಂಡವರಲ್ಲ. ಆಡಿನ ಜೊತೆ, ಒಲೆಯ ಜೊತೆ, ಕೂಸಿನ ಜೊತೆ ಒಂದೇ ಸಮನೆ ಮಾತು. ನನ್ನ ಗಂಡ ಬಸಲಿಂಗ ಕಂಬ ಹತ್ತುವ ಕೆಲಸದವನು. ಒಮ್ಮೆ ಉಂಡು ಕೈ ತೊಳೆದು, ಸಾರು ಚೆನ್ನಾಗಿದೆ ಎಂದು ಗೋಡೆಯ ಮೇಲೆ ಬರೆದ. ಅತ್ತೆ ಅವನ ಕಿವಿಯ ಬಿರಡೆ ಕಿತ್ತು, “ಸಾರು ಹೆಂಗಾಗೇತಿ ಅಂತ ಹೇಳಾಕ ಗ್ವಾಡಿತನಕ ಹೋಗಬೇಕೇನೋ? ರೊಟ್ಟಿ ತಿನ್ನಾಕಷ್ಟ ಇಟ್ಟಾನೇನ ದೇವರು ನಿನ್ನ ಬಾಯಿ?” ಎಂದರು. ನನ್ನ ಕಡೆ ತಿರುಗಿ, “ನೀನರ ಏನಬೇ, ಲಗ್ನ ಆಗಿದ್ದು ನನ್ನ ಮಗನ್ನೋ, ಈ ಗ್ವಾಡಿನ್ನೋ?” ಎಂದರು. ನನಗೆ ನಗು ಬಂತು. ನಗುವುದನ್ನೂ ನಾನು ಸದ್ದಿಲ್ಲದೆ ನಕ್ಕೆ.

ನಮ್ಮಲ್ಲಿ ಅಕ್ಷರತಾಯಿ ಎಂಬುವವರು ತಿಂಗಳಿಗೊಮ್ಮೆ ಮನೆಮನೆಗೆ ಬಂದು ಕೂಸುಗಳ ಓದು ಪರೀಕ್ಷಿಸುತ್ತಾರೆ. ಸಿರಿಗೌರಿಗೆ ಎರಡೂವರೆ ವರ್ಷವಿದ್ದಾಗ ಅವರು ಒಂದು ವಿಷಯ ಕಂಡುಕೊಂಡರು. ಅತ್ತೆ ಒಳಗಿನಿಂದ ಮಾತಾಡಿದರೆ ಕೂಸು ಓದುವುದನ್ನು ಬಿಟ್ಟು ಅತ್ತ ತಲೆ ತಿರುಗಿಸುತ್ತದೆ. ಅಕ್ಷರ ಗಟ್ಟಿಯಾಗುವವರೆಗೆ ಮುದುಕಿಯ ಮಾತು ಕೂಸಿನ ಕಿವಿಗೆ ಬೀಳದಿರಲಿ ಎಂದು ಬರೆದು ಹೋದರು. ನಾವಿಬ್ಬರೂ ಒಪ್ಪಿದೆವು. ಇಂಥ ಜಾಣ ಕೂಸು ಹಾಳಾಗಬಾರದೆಂಬ ಆಸೆ. ಅತ್ತೆಯನ್ನು ಕೆಳಗಿನ ಊರಿಗೆ, ಅವರ ಮಗಳ ಮನೆಗೆ ಕಳಿಸಿದೆವು. ಹೋಗುವಾಗ ಅವರು ಜಗಳ ಮಾಡಲಿಲ್ಲ. ಗಂಟನ್ನು ಬಗಲಿಗೆ ಹಾಕಿಕೊಂಡು, “ಹೊಕ್ಕೀನಿ ತಗೋಬೇ. ನನ್ನ ಬಾಯಿ ಇಲ್ಲೇ ಬಿಟ್ಟು ಹೋಗಾಕ ಬರಂಗಿದ್ರ ಬಿಟ್ಟು ಹೊಕ್ಕಿದ್ದೆ” ಎಂದಷ್ಟೇ ಹೇಳಿದರು. ಕೂಸು ಬಾಗಿಲ ಹತ್ತಿರ ಬಹಳ ಹೊತ್ತು ಕೂತಿತ್ತು. ನಾನು ಅವಳ ಮುಂದೆ ಹೊಸ ಪದಗಳನ್ನು ಬರೆದೆ. ಅವಳು ಓದಿದಳು. ಹೋದ ಚಳಿಗಾಲ ಅತ್ತೆ ತೀರಿಕೊಂಡ ಸುದ್ದಿ ಗೋಡೆಯ ಮೇಲೆ ಬಂತು. ಅದನ್ನು ನನಗಿಂತ ಮೊದಲು ಓದಿದವಳೂ ಅವಳೇ.

ಈಗ ಅವಳಿಗೆ ಐದು ತುಂಬುತ್ತಿದೆ. ಒಂದು ಮಾತು ಆಡಿಲ್ಲ. ಹಸಿವಾದರೆ ರೊಟ್ಟಿ ಎಂದು ಬರೆಯುತ್ತಾಳೆ. ಬಿದ್ದು ಮೊಣಕಾಲು ತರಚಿದರೆ ಬಂದು ನೋವು ಎಂದು ಬರೆದು, ಆಮೇಲೆ ಅಳುತ್ತಾಳೆ.

ಐದು ತುಂಬಿದ ಕೂಸುಗಳಿಗೆ ಕೂಗಿನ ದಿನ ಎಂಬುದೊಂದಿದೆ. ಬಿರುಗಾಳಿಗೆ ಕಂಬ ಮುರಿದರೆ ಗೋಡೆಗಳೆಲ್ಲ ಆರಿಹೋಗುತ್ತವೆ, ಗುಡ್ಡವೆಲ್ಲ ಧೂಳು ಕವಿಯುತ್ತದೆ. ಆಗ ಮುಚ್ಚಿಗೆ ಕಿತ್ತುಹಾಕಿ ಬಾಯಿಂದ ಕೂಗಿಯೇ ಒಬ್ಬರನ್ನೊಬ್ಬರು ಹುಡುಕಬೇಕು. ಕೂಗಲಾರದ ಎರಡು ಕೂಸುಗಳು ಹಿಂದೆ ಹಾಗೆಯೇ ಕಮರಿಗೆ ಬಿದ್ದು ಹೋದವು. ಅಂದಿನಿಂದ ಈ ನಿಯಮ. ಕೂಸನ್ನು ಬಯಲಿನ ಒಂದು ತುದಿಯಲ್ಲಿ ನಿಲ್ಲಿಸಿ, ತಾಯಿ ಇನ್ನೊಂದು ತುದಿಯಲ್ಲಿ ಬೆನ್ನು ಮಾಡಿ ನಿಲ್ಲುತ್ತಾಳೆ. ಕೂಸು ಕೂಗಿದರೆ ತಾಯಿ ತಿರುಗಬೇಕು. ಕೂಗದಿದ್ದರೆ ತಿರುಗುವಂತಿಲ್ಲ. ಕೂಸನ್ನು ಅಲ್ಲಿಂದಲೇ ಕೆಳಗಿನ ಮೌನಶಾಲೆಗೆ ಕರೆದೊಯ್ಯುತ್ತಾರೆ. ಹದಿನೆಂಟು ತುಂಬುವವರೆಗೆ ಪತ್ರ ಬರೆಯಬಹುದು, ಹೋಗಿ ನೋಡುವಂತಿಲ್ಲ. ಪತ್ರ ಓದುವುದರಲ್ಲಿ ನನ್ನ ಮಗಳನ್ನು ಯಾರೂ ಮೀರಿಸಲಾರರು. ಸಿರಿಗೌರಿಯ ಕೂಗಿನ ದಿನಕ್ಕೆ ಇನ್ನು ಆರು ದಿನ.

ಒಂದು ತಿಂಗಳಿನಿಂದ ನಾನು ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ನೋಟುಬುಕ್ಕು ತೆಗೆದು ಆ ಹನ್ನೊಂದು ಹಾಳೆಗಳನ್ನು ನೋಡುತ್ತೇನೆ. ನನ್ನ ಕಷ್ಟ ಹೇಗಾದರೂ ನಿಮಗೆ ತಿಳಿದು, ನೀವು ಅಲ್ಲಿ ನಾಲ್ಕು ಸಾಲು ಬರೆದಿದ್ದರೆ, ಅದು ಇಲ್ಲಿ ಕಾಣಬೇಕು. ನಿನ್ನೆಯವರೆಗೆ ಏನೂ ಇರಲಿಲ್ಲ. ಇವತ್ತು ಮೊದಲ ಖಾಲಿ ಹಾಳೆಯಲ್ಲಿ ಬರಹವಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಓದಿದೆ.

“ಬಾ ನನ್ನ ಗುಬ್ಬಿ, ನೀರ ಕಾದಾವು. ಅಳಬ್ಯಾಡ, ಕಣ್ಣಾಗ ಸೀಗಿ ಹ್ವಾದ್ರ ನಾ ಊದತೀನಿ. ಎಲ್ಲಿ ನನ್ನ ಗುಬ್ಬಿ, ಎಲ್ಲಿ ಹಾರಿ ಹ್ವಾತು? ಇಲ್ಲೇ ಐತಿ ನೋಡು.”

ಅದು ನಿಮ್ಮ ಅಕ್ಷರವಲ್ಲ. ನನ್ನ ಮಗಳದು. ಆ ಮಾತುಗಳನ್ನು ನಮ್ಮ ಮನೆಯಲ್ಲಿ ಯಾರೂ ಎಂದೂ ಬರೆದಿಲ್ಲ. ಅತ್ತೆ ಅವಳಿಗೆ ನೀರೆರೆಯುವಾಗ ದಿನವೂ ಆಡುತ್ತಿದ್ದ ಮಾತು ಅವು. ಎರಡು ವರ್ಷಕ್ಕೂ ಮಿಕ್ಕಿ ಅವಳು ಅವನ್ನು ಒಂದೂ ಬಿಡದೆ ಒಳಗೆ ಇಟ್ಟುಕೊಂಡಿದ್ದಾಳೆ. ಮಾತು ಅವಳೊಳಗೆ ಇಳಿಯುತ್ತಿತ್ತು. ಇಳಿಯುತ್ತಿದ್ದಾಗಲೇ ನಾವು ಅದನ್ನು ಮನೆಯಿಂದ ಕಳಿಸಿದೆವು.

ಕಿವಿಯ ಬಿರಡೆ ಕಿತ್ತೆಸೆದು ಅವಳ ಮುಂದೆ ಕುಳಿತೆ. ಬಾ ನನ್ನ ಗುಬ್ಬಿ ಎಂದೆ. ಬಳಸದ ದನಿ, ಒಡೆದು ಬಂತು. ಅವಳು ತಟ್ಟನೆ ತಲೆಯೆತ್ತಿದಳು. ನನ್ನನ್ನು ನೋಡಲಿಲ್ಲ. ಬಾಗಿಲ ಕಡೆ ನೋಡಿದಳು. ಎದ್ದು ಹೋಗಿ ಹೊಸ್ತಿಲ ಮೇಲೆ ನಿಂತು ಓಣಿಯ ತುದಿಯವರೆಗೆ ನೋಡಿ ಬಂದಳು. ಬಂದು ಗೋಡೆಯ ಮೇಲೆ, ಇಲ್ಲ, ಎಂದು ಬರೆದಳು. ಮಧ್ಯಾಹ್ನದವರೆಗೂ ನಾನು ಅದನ್ನೇ ಹೇಳುತ್ತಾ ಹೋದೆ. ಪ್ರತಿ ಸಲವೂ ಅವಳು ಬಾಗಿಲಿಗೆ ಹೋದಳು. ಆಮೇಲೆ ನನಗೆ ಹೇಳಲಾಗಲಿಲ್ಲ.

ಮುತ್ತಜ್ಜೀ, ನೀವು ಬರೆಯುವವರಾಗಿದ್ದರೆ ಅದು ಇಷ್ಟರೊಳಗೆ ಇಲ್ಲಿರುತ್ತಿತ್ತು ಎಂಬುದು ನನಗೂ ತಿಳಿಯುತ್ತದೆ. ನೀವು ಆ ನಾಳೆ ಏನು ಮಾಡಿದಿರೋ, ಅದನ್ನು ಬರೆಯಲು ನಿಮಗೆ ಬಿಡುವಾಗಲಿಲ್ಲ ಎಂದು ಕಾಣುತ್ತದೆ. ಮಗನ ಜೊತೆ ಮಾತಾಡುತ್ತಾ ಕುಳಿತಿರಬೇಕು. ನಿಮ್ಮ ಮೇಲೆ ಸಿಟ್ಟಿಲ್ಲ. ಆದರೂ ಕೇಳುತ್ತೇನೆ, ಒಂದೇ ಸಾಲು ಸಾಕು. ಆರನೆಯ ದಿನ ನಾನು ಬಯಲಿನಲ್ಲಿ ಬೆನ್ನು ಮಾಡಿ ನಿಲ್ಲಬೇಕು.

ಹತ್ತು ಹಾಳೆ ಇನ್ನೂ ಖಾಲಿ ಇವೆ.

ನಿಮ್ಮವಳೇ,
ಹಂಪವ್ವ